ಎಫ್‌ಡಿ ಮುರಿಸಲು ಬಂದವರು

ಅವಧಿಗೆ ಮುಂಚೆ ಎಫ್‌ಡಿ ಮುರಿಸಲು ಬರುವವರು ಸಾಮಾನ್ಯವಾಗಿ ಚೌಕಾಸಿ ಮಾಡುತ್ತಾರೆ. ಬಡ್ಡಿ ಎಷ್ಟು ಕಟ್ ಆಗುತ್ತೆ, ಎರಡು ತಿಂಗಳು ಕಾದರೆ ಪೂರ್ತಿ ಸಿಗುತ್ತಾ, ಇದರ ಮೇಲೆ ಸಾಲ ಕೊಡ್ತೀರಾ ಎಂದೆಲ್ಲ ವಿಚಾರಿಸುತ್ತಾರೆ. ಮಗಳ ಮದುವೆ, ಸೈಟು, ಆಪರೇಷನ್ ಎಂಬ ಕಾರಣ ಕೇಳದೆಯೇ ಬಾಯಿಗೆ ಬಂದುಬಿಡುತ್ತದೆ. ಮೈಸೂರಿನ ಬ್ಯಾಂಕ್ ಶಾಖೆಯೊಂದರ ಕೌಂಟರಿನಲ್ಲಿ ಕೂರುವ ನನಗೆ ದಿಗಿಲಾಗುವುದು ಬಡ್ಡಿಯ ಮಾತೇ ಎತ್ತದೆ, ‘ಬೇಗ ಮಾಡಿಕೊಡಿ’ ಎಂದಷ್ಟೇ ಹೇಳಿ ಆರ್‌ಟಿಜಿಎಸ್ ಫಾರಂ ಮುಂದಿಡುವವರನ್ನು ಕಂಡಾಗ.

ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿ ಮಿತಿ. ಹಾಗಾಗಿ ಜೀವಮಾನದ ಉಳಿತಾಯಕ್ಕೇ ಕೈ ಹಾಕುವ ವಂಚಕರು ಎಷ್ಟೋ ಸಲ ಜನರನ್ನು ನಮ್ಮ ಬಳಿಗೇ ಕಳಿಸುತ್ತಾರೆ. ಆರ್‌ಟಿಜಿಎಸ್ 2 ಲಕ್ಷದಿಂದ ಶುರು, ಕಳಿಸಿದ ಸ್ವಲ್ಪ ಹೊತ್ತಿಗೇ ಆ ಕಡೆ ಜಮೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ನಮ್ಮ ಹಳೆಯ ಗ್ರಾಹಕರು. ಬಂದಾಗಲೆಲ್ಲ ನನ್ನ ಮಗನ ಓದು ವಿಚಾರಿಸುವವರು. ಅವತ್ತು ಕೂರಲೂ ಇಲ್ಲ. ಅಂಗಿ ಜೇಬಿನಲ್ಲಿ ಮೊಬೈಲು, ಕ್ಯಾಮೆರಾ ಹೊರಗೆ ಇಣುಕುವ ಹಾಗೆ.

‘ಯಾರಿಗೆ ಮೇಷ್ಟ್ರೇ ಇಷ್ಟೊಂದು ದುಡ್ಡು?’

‘ನಮ್ಮ ಸಂಬಂಧಿಕರಿಗಮ್ಮ. ಮನೆ ಕಟ್ಟಿಸ್ತಿದ್ದಾರೆ.’

ಪಾಠ ಒಪ್ಪಿಸಿದ ಹಾಗಿತ್ತು ಉತ್ತರ. ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಹಣ ಪಡೆಯುವವರ ಖಾತೆಯ ಹೆಸರನ್ನು ಮೊದಲೇ ನೋಡುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ ಒಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಖಾತೆ ನಂಬರ್ ಹಾಕಿದೆ. ಪರದೆಯ ಮೇಲೆ ಬಂದದ್ದು ಸಂಬಂಧಿಕರ ಹೆಸರಲ್ಲ, ಎಲ್ಲಿಯದೋ ಟ್ರೇಡರ್ಸ್. ಬಾಯಿ ಬಿಡದೆ ಚಲನ್ ಹಿಂಬದಿಯಲ್ಲಿ ‘ಫೋನಿನಲ್ಲಿ ಯಾರಿದ್ದಾರೆ?’ ಎಂದು ಬರೆದು ಮುಂದೆ ಸರಿಸಿದೆ. ಅವರು ಪೆನ್ನು ತೆಗೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದರು: ‘ಮುಂಬೈ ಪೊಲೀಸ್. ಮಾತಾಡಬೇಡಿ.’

ಮ್ಯಾನೇಜರ್ ಎದ್ದು ಬಂದು ಜೇಬಿನಿಂದ ಫೋನ್ ತೆಗೆದು ಕಟ್ ಮಾಡಿದರು. ಮೇಷ್ಟ್ರಿಗೆ ಮೊದಲು ಸಿಟ್ಟೇ ಬಂತು. ನಿಮ್ಮ ಆಧಾರ್ ಕೊಟ್ಟು ಕಳಿಸಿದ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ‘ಡಿಜಿಟಲ್ ಅರೆಸ್ಟ್’ನಲ್ಲಿದ್ದೀರಿ, ಹಣವನ್ನೆಲ್ಲ ರಿಸರ್ವ್ ಬ್ಯಾಂಕ್ ಪರಿಶೀಲಿಸಿ ವಾಪಸ್ ಹಾಕುತ್ತದೆ ಎಂದು ಖಾಕಿ ತೊಟ್ಟವನೊಬ್ಬ ವಿಡಿಯೋ ಕಾಲಿನಲ್ಲಿ ಹೇಳಿದ್ದನಂತೆ. ರಾತ್ರಿಯೂ ಕ್ಯಾಮೆರಾ ಆರಿಸಲು ಬಿಟ್ಟಿಲ್ಲ. ಪಕ್ಕದ ಕೋಣೆಯಲ್ಲಿದ್ದ ಹೆಂಡತಿಗೂ ವಿಷಯ ಗೊತ್ತಿಲ್ಲ.

ಡಿಜಿಟಲ್ ಅರೆಸ್ಟ್ ಎನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೂ ಇದನ್ನೇ ಹೇಳಿದ್ದರು. ನಿಜವಾಗಿ ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಜನಸಾಮಾನ್ಯರ ಹಣ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನಲ್ಲಿ ಖಾತೆಗಳೂ ಇಲ್ಲ.

ಆದರೆ ವಂಚಕರ ಕತೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಎಲ್ಲವನ್ನೂ ನೆನಪಿಡಲು ಯಾರಿಂದಲೂ ಆಗದು. ನಾನು ಗಮನಿಸುವುದು ಒಂದನ್ನೇ: ‘ಬ್ಯಾಂಕಿನವರು ಕೇಳಿದರೆ ಹೀಗೆ ಹೇಳಿ’ ಎಂದು ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಷೇರಿನಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವ ವಾಟ್ಸಾಪ್ ಗುಂಪಿಗೆ ದುಡ್ಡು ಹಾಕಲು ಬಂದವರೂ ನಮ್ಮಲ್ಲಿ ‘ಸಂಬಂಧಿಕರಿಗೆ’ ಎಂದೇ ಹೇಳಿದ್ದಾರೆ. ಯಾವ ಪೊಲೀಸರೂ ಯಾವ ಕಂಪನಿಯವರೂ ನಿಮಗೆ ಸುಳ್ಳು ಕಲಿಸಿ ಬ್ಯಾಂಕಿಗೆ ಕಳಿಸುವುದಿಲ್ಲ. ಕೌಂಟರಿನಲ್ಲಿ ನಾವು ಪ್ರಶ್ನೆ ಕೇಳಿದಾಗ ‘ನಿಮಗ್ಯಾಕೆ ಅದೆಲ್ಲ?’ ಎಂದು ಗದರುವವರಿದ್ದಾರೆ. ಗದರಲಿ, ಕೇಳುವುದನ್ನು ನಾವಂತೂ ಬಿಡುವುದಿಲ್ಲ.

ಸಣ್ಣ ಮೊತ್ತದ ಮೋಸಗಳು ನಮ್ಮವರೆಗೆ ಬರುವುದೇ ಇಲ್ಲ, ಫೋನಿನಲ್ಲೇ ಮುಗಿಯುತ್ತವೆ. ಹಳೆಯ ಸೋಫಾ ಮಾರಾಟಕ್ಕೆ ಹಾಕುತ್ತೀರಿ. ಮಿಲಿಟರಿಯವನು ಎಂದು ಹೇಳಿಕೊಳ್ಳುವವನೊಬ್ಬ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಎನ್ನುತ್ತಾನೆ. ಬರುವ ದುಡ್ಡಿಗೆ ಪಿನ್ ಬೇಕಿಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಹೋಗುವುದೇ. ಇನ್ನೊಂದು, ವಾಟ್ಸಾಪಿನಲ್ಲಿ ಬರುವ ಮದುವೆ ಕರೆಯೋಲೆ ಅಥವಾ ಟ್ರಾಫಿಕ್ ದಂಡದ ಚಲನ್. ಫೈಲಿನ ಹೆಸರು ‘ಎಪಿಕೆ’ ಎಂದು ಕೊನೆಯಾದರೆ ಅದು ಪತ್ರವಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿದರೆ ನಿಮ್ಮ ಎಸ್‌ಎಂಎಸ್‌ಗಳನ್ನು ಅದು ಓದತೊಡಗುತ್ತದೆ. ಓಟಿಪಿಯನ್ನು ಯಾರಿಗೂ ಹೇಳಿಲ್ಲ ಎಂದು ಅಳುತ್ತಾ ಬರುವವರು ಸುಳ್ಳು ಹೇಳುತ್ತಿರುವುದಿಲ್ಲ; ಅವರು ಹೇಳಬೇಕಾಗಿಯೇ ಇರಲಿಲ್ಲ.

ದುಡ್ಡು ಹೋಗಿಯೇಬಿಟ್ಟರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ನಮ್ಮಲ್ಲಿಗೆ ಬನ್ನಿ. ವ್ಯವಹಾರದ ಯುಟಿಆರ್ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಕದ್ದ ಹಣ ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ; ಎಟಿಎಂನಿಂದ ಹೊರಗೆ ಬೀಳುವ ಮೊದಲು ದೂರು ತಲುಪಿದರೆ ಆ ಖಾತೆಯಲ್ಲೇ ತಡೆಹಿಡಿಯಬಹುದು. ನಾಚಿಕೆಯಿಂದ ಮಕ್ಕಳಿಗೂ ಹೇಳದೆ, ಸೋಮವಾರ ನೋಡೋಣ ಎಂದು ಕೂತವರ ಹಣ ಸಿಗುವುದು ಕಷ್ಟ. ಮೆಸೇಜುಗಳನ್ನು ಅಳಿಸಬೇಡಿ, ದೂರಿಗೆ ಅವು ಬೇಕಾಗುತ್ತವೆ.

ಇಷ್ಟಾದ ಮೇಲೂ ಫೋನ್ ಬರುವುದುಂಟು. ಹಣ ಕಳೆದುಕೊಂಡವರ ನಂಬರುಗಳೂ ವಂಚಕರ ನಡುವೆ ಕೈ ಬದಲಾಗುತ್ತವೆ. ‘ಸೈಬರ್ ವಿಭಾಗದಿಂದ ಮಾತಾಡ್ತಿದ್ದೀವಿ, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳೋಕೆ ಫೀಸು ಕಟ್ಟಿ’ ಎನ್ನುತ್ತಾರೆ. ಆ ಫೀಸು ಕಟ್ಟಲು ಒಡವೆ ಸಾಲ ಕೇಳಿಕೊಂಡು ಬಂದವರನ್ನೂ ಇದೇ ಕೌಂಟರಿನಲ್ಲಿ ನೋಡಿದ್ದೇನೆ.