ಬೇಸಿಗೆಯ ಜಾತ್ರೆ ಮತ್ತು ಪೂಜಾವರ್ಷ: ಕಾಫಿನಾಡಿನ ಸಂತ ಜೋಸೆಫರ ಉತ್ಸವವನ್ನು ಕುರಿತು

ಕಾಫಿನಾಡಿನ ಧರ್ಮಕೇಂದ್ರಗಳಲ್ಲಿ ವಾರ್ಷಿಕೋತ್ಸವದ ಕಾಲವನ್ನು ನಿರ್ಧರಿಸುವುದು ಪೂಜಾ ಪಂಚಾಂಗವೊಂದೇ ಅಲ್ಲ, ತೋಟವೂ ಹೌದು. ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಹಿಡಿಯುವ ಮುನ್ನ ದೊರೆಯುವ ಬಿಡುವು ಮಾರ್ಚ್‌ನಿಂದ ಮೇ ತಿಂಗಳವರೆಗಿನದು. ಜೂನ್ ಬಂದಿತೆಂದರೆ ಕಳಸ, ಮೂಡಿಗೆರೆಗಳ ಕಡೆ ಶಾಮಿಯಾನ ನಿಲ್ಲದು, ತೇರು ಹೊರಡದು. ಜೂನ್ 13ರ ಸಂತ ಅಂತೋಣಿಯವರ ಹಬ್ಬವು ಮಳೆಗೇ ಸಿಕ್ಕಿಕೊಳ್ಳುತ್ತದೆ. ಆದರೆ ಈ ಬಿಡುವಿನಲ್ಲೇ ತಪಸ್ಸು ಕಾಲವೂ ಪಾಸ್ಖ ಕಾಲವೂ ಬರುತ್ತವೆ. ತೊಡಕು ಆರಂಭವಾಗುವುದು ಇಲ್ಲಿಯೇ.

ಚಿಕ್ಕಮಗಳೂರಿನ ಪ್ರಧಾನಾಲಯವು ಸಂತ ಜೋಸೆಫರ ಹೆಸರಿನದು. ಅವರ ಮಹೋತ್ಸವ ಮಾರ್ಚ್ 19. ಆ ದಿನವು ಯಾವ ವರ್ಷವೂ ಪಾಸ್ಖ ಹಬ್ಬದ ನಂತರ ಬೀಳದು. ಅತ್ಯಂತ ಬೇಗ ಬರುವ ಪಾಸ್ಖವೇ ಮಾರ್ಚ್ 22. ಭಾನುವಾರವಾದರೆ ಮಹೋತ್ಸವವನ್ನು ಸೋಮವಾರಕ್ಕೆ ಸರಿಸಬೇಕು. 2023ರಲ್ಲಿ ಹಾಗೆಯೇ ಆಯಿತು. ಅಂದು ಬಿಳಿಯ ಪೂಜಾವಸ್ತ್ರ, ಮಹಿಮಾಗೀತೆ, ಪೀಠಕ್ಕೆ ಹೂವು ಎಲ್ಲವೂ ಸಲ್ಲುತ್ತವೆ. ಅಲ್ಲೆಲೂಯ ಮಾತ್ರ ಸಲ್ಲದು. ಶುಕ್ರವಾರವಾದರೆ ಮಾಂಸವರ್ಜನೆಯ ಕಟ್ಟಳೆಯೂ ಇಲ್ಲ. ಆದರೆ ಈ ಸಡಿಲಿಕೆ ಆ ಒಂದು ದಿನದ್ದು. ಮೂರು ರಾತ್ರಿಯ ಧ್ವನಿವರ್ಧಕ, ಅಂಗಡಿ ಸಾಲು, ಲಾಟರಿಗಳಿಗೆ ಅದನ್ನು ವಿಸ್ತರಿಸಲಾಗದು.

ಹಾಗಾದರೆ ಅನುಕೂಲವಾದ ಭಾನುವಾರಕ್ಕೆ ಹಾಕಿಕೊಂಡರಾಯಿತು ಎಂಬ ಮಾತು ಪಾಲನಾ ಸಮಿತಿಗಳಲ್ಲಿ ಸಹಜವಾಗಿಯೇ ಕೇಳಿಬರುತ್ತದೆ. ಆ ಅವಕಾಶವಿರುವುದು ಸಾಧಾರಣ ಕಾಲದ ಭಾನುವಾರಗಳಿಗೆ ಮಾತ್ರ. ತಪಸ್ಸು ಕಾಲ ಹಾಗೂ ಪಾಸ್ಖ ಕಾಲದ ಭಾನುವಾರಗಳು ದೇವಾಲಯದ ಪಾಲಕ ಸಂತರ ಮಹೋತ್ಸವಕ್ಕಿಂತಲೂ ಮೇಲಿನವು. ಏಪ್ರಿಲ್‌ನ ಭಾನುವಾರ ಜಾತ್ರೆ ನಡೆಸಬಹುದು. ಬಲಿಪೂಜೆ ಮಾತ್ರ ಆ ಭಾನುವಾರದ್ದೇ ಆಗಿರಬೇಕು.

ನಮ್ಮ ಮನಸ್ಸು ಒಲಿಯುವುದು ಮೇ 1ರ ಕಡೆಗೆ. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1955ರಲ್ಲಿ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಕಾರ್ಮಿಕ ದಿನಾಚರಣೆಯಂದೇ ಇರಿಸಿದರು. ದೇವಾಲಯವು ಇದೇ ಹೆಸರಿನದಾದರೆ ಅಂದು ಮಹೋತ್ಸವ. ಉಳಿದೆಡೆ ಐಚ್ಛಿಕ ಸ್ಮರಣೆ. ನಮ್ಮ ರಾಜ್ಯದಲ್ಲಿ ಅಂದು ಸಾರ್ವತ್ರಿಕ ರಜೆ. ತೋಟದ ಲೈನ್ ಮನೆಗಳಿಂದ ಬರುವ ಕುಟುಂಬಕ್ಕೆ ದಿನಗೂಲಿಯ ನಷ್ಟವಿಲ್ಲದೆ ಬರಲು ಸಾಧ್ಯವಾಗುವ ದಿನವಿದು.

ಜಾತ್ರೆಯೆಂದರೆ ಮೂಗು ಮುರಿಯುವ ಗುರುಗಳೂ ನಮ್ಮಲ್ಲಿ ಇಲ್ಲದಿಲ್ಲ. ಅದು ಸರಿಯಲ್ಲ. 'ಜಾತ್ರೆ'ಯ ಮೂಲ 'ಯಾತ್ರಾ'. ಲ್ಯಾಟಿನ್ನಿನಲ್ಲಿ ಹಬ್ಬದ ದಿನವನ್ನು ಸೂಚಿಸುತ್ತಿದ್ದ 'ಫೆರಿಯಾ' ಎಂಬ ಪದವೇ ಯೂರೋಪಿನ ಹಲವು ಭಾಷೆಗಳಲ್ಲಿ ಸಂತೆಯ ಹೆಸರಾಯಿತು. ಚಿಕ್ಕಮಗಳೂರು ಧರ್ಮಕ್ಷೇತ್ರವು 1963ರ ನವೆಂಬರ್ 16ರಂದು ಸ್ಥಾಪನೆಯಾಯಿತು. ಹದಿನೆಂಟು ದಿನಗಳ ನಂತರ ಪ್ರಕಟವಾದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ಸಂವಿಧಾನವು (13) ಜನರ ಭಕ್ತ್ಯಾಚರಣೆಗಳನ್ನು ಶ್ಲಾಘಿಸಿ, ಅವು ಪೂಜಾಕಾಲಗಳೊಡನೆ ಹೊಂದಿಕೊಂಡು ಜನರನ್ನು ದೈವಾರಾಧನೆಯತ್ತ ಕರೆದೊಯ್ಯಬೇಕೆಂದಿತು. ಅಳಿಸಬೇಕೆನ್ನಲಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಹಬ್ಬದಲ್ಲಿ ಯಾರು ಉಣ್ಣುತ್ತಾರೆ ಎಂಬುದು. ಧರ್ಮೋಪದೇಶಕಾಂಡವು (16:11) ಸುಗ್ಗಿಯ ಹಬ್ಬದಲ್ಲಿ ಮಕ್ಕಳೊಡನೆ ಆಳುಗಳನ್ನೂ ಪರದೇಶಿಯನ್ನೂ ಅನಾಥರನ್ನೂ ವಿಧವೆಯರನ್ನೂ ಹೆಸರಿಸಿ ಕರೆಯುತ್ತದೆ. ಕೊರಿಂಥದಲ್ಲಿ ಒಬ್ಬ ಹಸಿದಿರಲು ಇನ್ನೊಬ್ಬ ಕುಡಿದು ಮತ್ತನಾಗಿದ್ದುದನ್ನು (1 ಕೊರಿಂಥ 11:21) ಪೌಲರು ಶಿಷ್ಟಾಚಾರದ ಲೋಪವೆಂದು ಕಾಣಲಿಲ್ಲ. ಅದು ಪ್ರಭುಭೋಜನವೇ ಅಲ್ಲವೆಂದರು. ಇಂದು ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯುವವರಲ್ಲಿ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದವರೂ ಇದ್ದಾರೆ. ಕೊಯ್ಲಿಗೆಂದೇ ಬಂದವರು ಹಬ್ಬದ ಧ್ವಜಾರೋಹಣದ ವೇಳೆಗೆ ಊರು ಬಿಟ್ಟಿರುತ್ತಾರೆ. ಉಳಿದವರಿಗೆ ಕೊಂಕಣಿ, ಕನ್ನಡ, ತಮಿಳು ಪೂಜೆಗಳಲ್ಲಿ ಯಾವುದೂ ತಮ್ಮದಲ್ಲ. ನವದಿನ ಪ್ರಾರ್ಥನೆಯ ಒಂದು ದಿನವನ್ನು ಅವರಿಗೆಂದು ಮೀಸಲಿಟ್ಟು ವಾಚನವೊಂದನ್ನು ಹಿಂದಿಯಲ್ಲಿ ಓದಿಸುವುದು ಯಾವ ನಿಯಮಕ್ಕೂ ವಿರುದ್ಧವಲ್ಲ. ಅನ್ನಸಂತರ್ಪಣೆಯಲ್ಲಿ ದಾನಿಗಳಿಗೆ ಬೇರೆ ಮೇಜು ಹಾಕುವ ರೂಢಿ ಇರುವಲ್ಲಿ ಅದನ್ನು ಈ ಬೇಸಿಗೆಯಲ್ಲೇ ತೆಗೆಯಬಹುದು.

ಹಣದ ಲೆಕ್ಕಕ್ಕೂ ಒಂದು ಮಾತು. ಸಂತರ ಹೆಸರಿನಲ್ಲಿ ಬಡವರಿಗೆಂದು ಬಂದ ಕಾಣಿಕೆಯನ್ನು ದೀಪಾಲಂಕಾರಕ್ಕೆ ಬಳಸಲಾಗದು. ಧರ್ಮಸಭೆಯ ಕಾನೂನು (1267) ಕಾಣಿಕೆಯನ್ನು ಕೊಟ್ಟ ಉದ್ದೇಶಕ್ಕೇ ಕಟ್ಟಿಹಾಕಿದೆ. ಅಂಗಡಿಗಳ ನೆಲಬಾಡಿಗೆಯ ಪುಸ್ತಕ ಬೇರೆ, ಕಾಣಿಕೆಯ ಪುಸ್ತಕ ಬೇರೆ ಇರಲಿ. ಎರಡನ್ನೂ ಹಬ್ಬದ ಮರುವಾರ ದೇವಾಲಯದ ಬಾಗಿಲಲ್ಲಿ ತೂಗುಹಾಕಲಿ.