ಒಂದೇ ಮೇಜಿನ ಕಾಫಿ

ಕೊಡಗಿನಲ್ಲಿ ಹುಟ್ಟಿ ಬೆಳೆದವನಿಗೆ ಕಾಫಿಯ ವಿಷಯವಾಗಿ ಮಾತನಾಡಲು ಬೇರೆ ಯೋಗ್ಯತೆ ಬೇಕಿಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಕಂಪು ಬೀರುವುದನ್ನು ಅವನು ನೋಡಿರುತ್ತಾನೆ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಒಣಗುವ ಹಣ್ಣಿನ ಹುಳಿವಾಸನೆಯನ್ನೂ ಬಲ್ಲ. ಆದರೆ ಕಾಫಿ ಬೆಳೆಯುವುದು ಒಂದು, ಕೂಡಿ ಕುಳಿತು ಕುಡಿಯುವುದು ಮತ್ತೊಂದು. ಈ ಎರಡನೆಯದನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕಾಫಿಗೂ ಜನಕೂಟಕ್ಕೂ ಇರುವ ನಂಟು ಬಹಳ ಹಳೆಯದು. ಆ ನಂಟನ್ನು ಕಂಡು ಅಧಿಕಾರಸ್ಥರು ಅಂಜಿದ್ದೂ ಅಷ್ಟೇ ಹಳೆಯದು. 1511ರಲ್ಲಿ ಮೆಕ್ಕಾ ನಗರದ ಅಧಿಕಾರಿಯೊಬ್ಬನು ಕಾಫಿಯನ್ನು ನಿಷೇಧಿಸಿದನು. 1675ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಕಾಫಿಮನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿ, ಜನರ ಅಸಮಾಧಾನಕ್ಕೆ ಮಣಿದು ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡನು. ಅಲ್ಲಿ ಒಂದು ಪೆನ್ನಿ ಕೊಟ್ಟವನು ಗಂಟೆಗಟ್ಟಲೆ ಕುಳಿತು ಸುದ್ದಿ ಕೇಳಬಹುದಿತ್ತು, ವಾದಿಸಬಹುದಿತ್ತು. ಆದ್ದರಿಂದಲೇ ಅವುಗಳಿಗೆ ‘ಪೆನ್ನಿ ವಿಶ್ವವಿದ್ಯಾಲಯ’ ಎಂಬ ಹೆಸರು ಬಂದಿತು. ನಮ್ಮ ದೇಶದಲ್ಲಿಯೂ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ದೆಹಲಿಯ ಕನ್ನಾಟ್ ಪ್ಲೇಸಿನ ಕಾಫಿ ಹೌಸ್ ನೆಲಸಮವಾಯಿತು. ನಾಲ್ಕು ಜನ ನಿರ್ಭಯವಾಗಿ ಕುಳಿತು ಮಾತನಾಡುವ ಜಾಗ ಎಂದೂ ಕ್ಷುಲ್ಲಕವಲ್ಲ.

ನಮ್ಮಲ್ಲಿ ಕಾಫಿ ಹೌಸುಗಳು ಹುಟ್ಟಿದ್ದು ಮಾತ್ರ ಮಾತಿಗಾಗಿ ಅಲ್ಲ, ಮಾರಾಟಕ್ಕಾಗಿ. ಮಡಿಕೇರಿಯ ಸುತ್ತ ಐರೋಪ್ಯರು 1854ರ ಸುಮಾರಿಗೆ ತೋಟಗಳನ್ನು ತೆರೆದಂದಿನಿಂದ ಕೊಡಗಿನ ಬೆಳೆ ಬಹುಮಟ್ಟಿಗೆ ಹಡಗೇರಿ ಹೋಗುತ್ತಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹೊರದೇಶದ ಬೆಲೆ ಕುಸಿದಾಗ, ಸ್ವದೇಶದ ಜನರಿಗೇ ಕಾಫಿಯ ರುಚಿ ಹತ್ತಿಸಬೇಕೆಂಬ ಯೋಚನೆ ಬಂದಿತು. ಕಾಫಿ ಸೆಸ್ ಕಮಿಟಿಯು 1936ರಲ್ಲಿ ಮುಂಬಯಿಯಲ್ಲಿ ಮೊದಲ ಕಾಫಿ ಹೌಸನ್ನು ತೆರೆಯಿತು. ಮುಂದೆ ಕಾಫಿ ಬೋರ್ಡು ಅವನ್ನು ಊರೂರಿಗೆ ಹಬ್ಬಿಸಿತು. 1950ರ ದಶಕದ ನಡುವಿನಲ್ಲಿ ಬೋರ್ಡು ಅವನ್ನು ಮುಚ್ಚಲು ತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು, ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ತಟ್ಟೆ ತರುವವನೇ ಅಂಗಡಿಯ ಒಡೆಯರಲ್ಲಿ ಒಬ್ಬನಾದನು.

ಹಳೆಯ ಕಟ್ಟಡವೊಂದು ಕಾಫಿಯ ದೆಸೆಯಿಂದ ವಿದ್ಯಾರ್ಥಿಗಳ ಮನೆಯಾದುದಕ್ಕೆ ಕಲ್ಕತ್ತೆಯ ಕಾಲೇಜು ಬೀದಿಯ ಆಲ್ಬರ್ಟ್ ಹಾಲ್ ಒಳ್ಳೆಯ ನಿದರ್ಶನ. 1876ರಲ್ಲಿ ಸ್ಥಾಪನೆಗೊಂಡ ಆ ಸಭಾಭವನದಲ್ಲಿ 1942ರಲ್ಲಿ ಕಾಫಿ ಹೌಸ್ ತೆರೆಯಿತು. ಪಕ್ಕದಲ್ಲಿಯೇ ಪ್ರೆಸಿಡೆನ್ಸಿ ಕಾಲೇಜು, ವಿಶ್ವವಿದ್ಯಾಲಯ. 1958ರಲ್ಲಿ ಅದು ಮುಚ್ಚಿದಾಗ ಅಧ್ಯಾಪಕರೇ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಅದೇ ವರ್ಷ ಬಾಗಿಲು ಮತ್ತೆ ತೆರೆಯಿತು. ತರಗತಿಯಲ್ಲಿ ಮುಗಿಯದ ಪಾಠ ಎಲ್ಲಿ ಮುಂದುವರಿಯುತ್ತದೆಂಬುದನ್ನು ಆ ಅಧ್ಯಾಪಕರು ಅರಿತಿದ್ದರು.

ಇಲ್ಲಿ ನನ್ನದೊಂದು ಸ್ವಂತ ಅನುಭವವನ್ನು ಹೇಳಬೇಕು. ನಮ್ಮ ಮನೆಯಲ್ಲಿ ಬೆಲ್ಲದ ಕಾಫಿಗೆ ಎಂದೂ ಬರವಿರಲಿಲ್ಲ. ಬಂದವರಿಗೆ ಕಾಫಿ ಕೊಡದೆ ಕಳುಹಿಸಿದ್ದನ್ನು ನಾನು ಕಂಡಿಲ್ಲ. ಆದರೆ ನೆಂಟರ ಕಾಫಿ ಜಗಲಿಯಲ್ಲಿ, ತೋಟದ ಆಳುಗಳ ಕಾಫಿ ಅಂಗಳದಲ್ಲಿ. ಅವರ ಲೋಟಗಳನ್ನು ಹಿತ್ತಿಲ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದರು. ಲೈನ್‌ಮನೆಯ ಒಬ್ಬ ಹುಡುಗ ನನ್ನ ಸಹಪಾಠಿ. ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತು ಬಂದ ನಾವು ಸಂಜೆ ಮನೆಯ ಬಳಿ ಬೇರೆ ಬೇರೆ ನಿಲ್ಲುತ್ತಿದ್ದೆವು. ಅದು ತಪ್ಪೆಂದು ನನಗೆ ಆಗ ತೋಚಲಿಲ್ಲ. ಅವನಿಗೆ ತೋಚಿತ್ತೋ ಎಂದು ನಾನು ಕೇಳಲೂ ಇಲ್ಲ.

ನಾನು ಎಂ.ಎ. ಓದಲು ಬೆಂಗಳೂರಿಗೆ ಹೋದಾಗ ಅವನು ಯಾವುದೋ ನೌಕರಿಯ ಪರೀಕ್ಷೆಗೆಂದು ಅಲ್ಲಿಗೆ ಬಂದಿದ್ದನು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸಿಗೆ ಹೋದೆವು. ತುರಾಯಿಯ ಪೇಟ ತೊಟ್ಟ ಪರಿಚಾರಕನು ಒಂದೇ ಬಗೆಯ ಎರಡು ಬಟ್ಟಲುಗಳನ್ನು ಮೇಜಿನ ಮೇಲಿಟ್ಟು ಹೋದನು. ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಹೊರಡಲಿಲ್ಲ. ಕೊನೆಗೆ ಅವನೇ, “ಈ ಬೀಜ ನಮ್ಮೂರಿನದೇ ಇರಬಹುದು ಮಾರಾಯ, ಅವ್ವ ಕೊಯ್ದದ್ದೋ ಏನೋ” ಎಂದನು. ಅವನೊಡನೆ ಎದುರು ಬದುರು ಕುಳಿತು ಕಾಫಿ ಕುಡಿಯಲು ನಾನು ನೂರೈವತ್ತು ಮೈಲಿ ಬರಬೇಕಾಯಿತಲ್ಲ ಎಂದು ನಾಚಿಕೆಯಾಯಿತು. 1959ರಲ್ಲಿ ತೆರೆದ ಆ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಎರಡು ಬಟ್ಟಲುಗಳು.

ಇಂದು ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿ ಕಾಫಿಯ ಅಂಗಡಿಗಳನ್ನು ತೆರೆಯುವುದು ಎಲ್ಲೆಡೆ ರೂಢಿಯಾಗುತ್ತಿದೆ. ಸಂತೋಷವೇ. ಗೋಡೆಗೆ ಸುಣ್ಣ, ತೊಲೆಗೆ ಎಣ್ಣೆ ಬಿದ್ದ ಮಾತ್ರಕ್ಕೆ ಅದು ಜನರ ಕೂಟವಾಗಲಾರದು. ಅದಕ್ಕೆ ಮೂರು ಅನುಕೂಲಗಳು ಬೇಕು. ಬೆಲೆ ವಿದ್ಯಾರ್ಥಿಯ ಕೈಗೆಟುಕಬೇಕು; ಬಟ್ಟಲು ಬರಿದಾದೊಡನೆ ಏಳಿಸುವವರು ಇರಬಾರದು; ಒಳಗೆ ಕಾಲಿಡುವಾಗ ಇದು ಇಂಥವರ ಮನೆ, ಇಂಥವರ ಜಾಗ ಎಂಬ ಅಳುಕು ಯಾರಿಗೂ ಹುಟ್ಟಬಾರದು. ಈ ಮೂರನೆಯದೇ ಕಠಿಣ. ಕೊಡಗಿನಲ್ಲಿ ಐನ್‌ಮನೆಗಳಿವೆ, ಪುತ್ತರಿಯ ಕೋಲಾಟಕ್ಕೆ ಮಂದ್‌ಗಳಿವೆ. ಅವು ಒಕ್ಕದ, ಊರಿನ ಒಗ್ಗಟ್ಟನ್ನು ಕಾಯ್ದುಕೊಂಡು ಬಂದಿವೆ. ಒಕ್ಕಗಳ ಆಚೆಗಿರುವವರೂ ಸಮಾನವಾಗಿ ಕೂರುವ ಜಾಗವನ್ನು ಕಟ್ಟಬಲ್ಲವು ನಮ್ಮ ಕಾಲೇಜುಗಳು.

ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಬೆಳೆಯುವ ಜಿಲ್ಲೆ ನಮ್ಮದು. ಪ್ರತಿಯೊಂದು ಕಾಲೇಜಿನ ಹಳೆಯ ಕಟ್ಟಡದ ಒಂದು ಕೋಣೆಯನ್ನು ದುರಸ್ತಿಪಡಿಸಿ, ನಾಲ್ಕು ಮೇಜು ಹಾಕಿ, ವಿದ್ಯಾರ್ಥಿಗಳ ಸಹಕಾರ ಸಂಘಕ್ಕೇ ಒಪ್ಪಿಸುವುದು ನಮಗೆ ದೊಡ್ಡ ಭಾರವಲ್ಲ. ತೋಟದ ಒಡೆಯನ ಮಗಳೂ ಹಣ್ಣು ಕೊಯ್ಯುವವಳ ಮಗಳೂ ಒಂದೇ ಮೇಜಿನಲ್ಲಿ ಕುಳಿತು ಕಾಫಿ ಕುಡಿಯಲು ಬೆಂಗಳೂರಿಗೆ ಹೋಗಬೇಕಾಗಬಾರದು.

(ಬಾನುಲಿ ಭಾಷಣ)