ಆಟಗಾರನ ಬಲ ಎಲ್ಲಿದೆ?

ಮಕ್ಕಳೇ, ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ನೀವು ಬಸ್ಸಿನಲ್ಲಿ ಹೋಗಿರಬಹುದು. ದಾರಿ ಸುಮಾರು 40 ಕಿಲೋಮೀಟರ್. ಅದರ ಕಾಲುಭಾಗದಷ್ಟು ದೂರವನ್ನು ದೊಡ್ಡ ತಂಡದ ಫುಟ್‌ಬಾಲ್ ಆಟಗಾರನು 90 ನಿಮಿಷಗಳ ಒಂದೇ ಪಂದ್ಯದಲ್ಲಿ ನಡೆದು, ಓಡಿ ಮುಗಿಸುತ್ತಾನೆ. ಆಶ್ಚರ್ಯವಲ್ಲವೇ?

ನಮ್ಮ ಶಾಲಾ ಕ್ರೀಡಾಸ್ಪರ್ಧೆಗಳು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಸೊಲ್ಲಾಪುರ ಜಿಲ್ಲೆಯಲ್ಲಿ ಗೆದ್ದವರು ಪುಣೆ ವಿಭಾಗದ ಸ್ಪರ್ಧೆಗೆ ಹೋಗುತ್ತಾರೆ. ಹಾಗಾದರೆ ಮೇಲಿನ ಮೆಟ್ಟಿಲಿನ ಆಟಗಾರರಿಗೂ ಕೆಳಗಿನವರಿಗೂ ದೇಹಬಲದಲ್ಲಿ ಇರುವ ವ್ಯತ್ಯಾಸವೇನು?

2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುರೋಪಿನ ವಿಜ್ಞಾನಿಗಳು ಅತ್ಯುನ್ನತ ದರ್ಜೆಯ ಆಟಗಾರರನ್ನು ಅವರಿಗಿಂತ ಕೆಳದರ್ಜೆಯ ವೃತ್ತಿಪರ ಆಟಗಾರರೊಂದಿಗೆ ಹೋಲಿಸಿ ನೋಡಿದರು. ಓಡಿದ ಒಟ್ಟು ದೂರದಲ್ಲಿ ದೊಡ್ಡ ಅಂತರವಿರಲಿಲ್ಲ. ಆದರೆ ಉನ್ನತ ದರ್ಜೆಯವರು ವೇಗದ ಓಟವನ್ನು ಶೇಕಡಾ 28ರಷ್ಟು, ಪೂರ್ಣ ರಭಸದ ಓಟವನ್ನು ಶೇಕಡಾ 58ರಷ್ಟು ಹೆಚ್ಚು ಓಡಿದ್ದರು. ಎಷ್ಟು ದೂರ ಓಡಿದರು ಎಂಬುದಕ್ಕಿಂತ, ರಭಸದಿಂದ ಎಷ್ಟು ಸಲ ಓಡಬಲ್ಲರು ಎಂಬುದೇ ಮುಖ್ಯವೆಂದಾಯಿತು.

ಇದು ಹೇಗೆ ಸಾಧ್ಯ? ನಾವು ಓಡುವಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ರಕ್ತವು ಹೊತ್ತು ತರುತ್ತದೆ. ನಿತ್ಯ ಅಭ್ಯಾಸ ಮಾಡುವವರ ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಆದ್ದರಿಂದ ಒಂದು ಓಟದ ದಣಿವು ಬೇಗ ಆರಿ, ಅವರು ಮುಂದಿನ ಓಟಕ್ಕೆ ಸಿದ್ಧರಾಗುತ್ತಾರೆ.

ಇದನ್ನು ಅಳೆಯಲು 20 ಮೀಟರ್ ಓಟದ ಪರೀಕ್ಷೆಯಿದೆ. 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಧ್ವನಿಸೂಚನೆಗೆ ತಕ್ಕಂತೆ ಓಡಬೇಕು. ಮೊದಲ ವೇಗ ಗಂಟೆಗೆ 8.5 ಕಿಲೋಮೀಟರ್. ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರಿನಂತೆ ವೇಗ ಏರುತ್ತದೆ. ಸೂಚನೆಗೆ ಸರಿಯಾಗಿ ಗೆರೆ ಮುಟ್ಟಲಾಗದಿದ್ದಾಗ ಪರೀಕ್ಷೆ ಮುಗಿಯುತ್ತದೆ.

ಇನ್ನೊಂದು ಮಾತು. ಆಯ್ಕೆಯ ದಿನ ತಂಡದಲ್ಲಿ ಹೆಸರು ಬಾರದೆ ಕಣ್ಣೀರು ಹಾಕಿದವರನ್ನು ನಾನು ಪ್ರತಿವರ್ಷ ಕಂಡಿದ್ದೇನೆ. ಒಂದೇ ವಯಸ್ಸಿನ ಮಕ್ಕಳಲ್ಲಿ ಕೆಲವರ ದೇಹ ಬೇಗ ಬೆಳೆಯುತ್ತದೆ, ಕೆಲವರದು ತಡವಾಗಿ. 13ರಲ್ಲಿ ಎತ್ತರವಾಗಿ, ಬಲವಾಗಿ ಕಾಣುವವನೇ 18ರಲ್ಲೂ ಮುಂದಿರುತ್ತಾನೆ ಎಂದೇನೂ ಇಲ್ಲ. ಆದ್ದರಿಂದ ಇಂದು ಹಿಂದುಳಿದವರು ಆಟ ಬಿಡಬಾರದು.

ನಮ್ಮ ಭಾಗದ ಬಿಸಿಲು ಬಲು ಕಟು. ಬೇಸಿಗೆಯಲ್ಲಿ ಮುಂಜಾನೆಯೇ ಅಭ್ಯಾಸ ಮಾಡಿರಿ, ಆಗಾಗ ನೀರು ಕುಡಿಯಿರಿ. ತಲೆ ಸುತ್ತಿದರೆ ಕೂಡಲೇ ಆಟ ನಿಲ್ಲಿಸಿ ಗುರುಗಳಿಗೆ ತಿಳಿಸಿರಿ. ನಿಮ್ಮ ಓಟದ ಲೆಕ್ಕವನ್ನು ತಿಂಗಳಿಗೊಮ್ಮೆ ವಹಿಯಲ್ಲಿ ಬರೆದಿಡಿರಿ. ಗೆಳೆಯನ ಲೆಕ್ಕದೊಂದಿಗಲ್ಲ, ನಿಮ್ಮದೇ ಹಿಂದಿನ ತಿಂಗಳ ಲೆಕ್ಕದೊಂದಿಗೆ ಹೋಲಿಸಿ ನೋಡಿರಿ.